ಒಲೆಯ ಬಾಗಿಲು
ಮನೆಯನ್ನು ಬೆಚ್ಚಗಿಡಲು ಕಟ್ಟಿಗೆಯ ಒಲೆಯೊಂದನ್ನು ಕೊಳ್ಳಹೊರಟ ನನಗೆ ಅಗ್ಗದ್ದೂ ದುಬಾರಿಯದೂ ಹೊರನೋಟಕ್ಕೆ ಒಂದೇ ಬಗೆಯಾಗಿ ಕಂಡವು. ವ್ಯತ್ಯಾಸ ತಿಳಿದದ್ದು ಬಾಗಿಲಿನ ಅಂಚಿಗೆ ಕಾಗದದ ಚೂರೊಂದನ್ನಿಟ್ಟು ಮುಚ್ಚಿ, ಅದನ್ನು ಎಳೆದು ನೋಡಿದಾಗ. ದುಬಾರಿ ಒಲೆಯ ಬಾಗಿಲು ಸುತ್ತಲಿನ ದಪ್ಪ ಹುರಿಗೆ ಒತ್ತಿಕೊಂಡು ಕಾಗದವನ್ನು ಬಿಗಿಯಾಗಿ ಹಿಡಿದುಕೊಂಡಿತು. ಅಗ್ಗದ ಒಲೆಯಲ್ಲಿ ಅದು ಸಲೀಸಾಗಿ ಹೊರಬಂತು. ಅಂಥ ಸಂದಿಯಿಂದ ನುಗ್ಗುವ ಗಾಳಿ ಬೆಂಕಿಯನ್ನು ಹಿಡಿತಕ್ಕೆ ಸಿಗದಂತೆ ಉರಿಸುವುದರಿಂದ ಕಟ್ಟಿಗೆ ಬೇಗ ಮುಗಿಯುತ್ತದೆ, ಶಾಖವೂ ಕೋಣೆಗೆ ದಕ್ಕದೆ ಹೊಗೆಕೊಳವೆಯ ದಾರಿ ಹಿಡಿಯುತ್ತದೆ.

ಎರಕದ ಕಬ್ಬಿಣದ ದಪ್ಪ ಮೈ ಬೆಂಕಿ ಆರಿದ ಮೇಲೂ ಬಹಳ ಹೊತ್ತು ಬಿಸಿಯನ್ನು ಉಳಿಸಿಕೊಳ್ಳುವುದು ನಿಜ. ಆದರೆ ತೆಳು ಉಕ್ಕಿನ ಒಲೆ ಬೇಗ ಕಾಯುತ್ತದೆ. ಸಂಜೆ ಒಂದೆರಡು ಗಂಟೆ ಮಾತ್ರ ಉರಿಸುವವರಿಗೆ ಅದೇ ಅನುಕೂಲ ಎಂದು ನನಗನ್ನಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಟ್ಟಿಗೆಯ ತೇವಾಂಶ ಶೇ. 20ಕ್ಕಿಂತ ಹೆಚ್ಚಿದ್ದರೆ ಎಷ್ಟೇ ಬೆಲೆಬಾಳುವ ಒಲೆಯ ಗಾಜಿಗೂ ಮಸಿ ಹಿಡಿಯುತ್ತದೆ, ಕೊಳವೆಯೊಳಗೆ ಹೊತ್ತಿಕೊಳ್ಳಬಲ್ಲ ಕಪ್ಪು ಜಿಡ್ಡು ಕಟ್ಟುತ್ತದೆ. ಹೀಗಾಗಿ ನಾನು ಬಾಗಿಲು ಬಿಗಿಯಾಗಿರುವ ಸಾಧಾರಣ ಬೆಲೆಯ ಒಲೆಯನ್ನೇ ಆರಿಸಿ, ಉಳಿದ ಹಣವನ್ನು ಒಣ ಕಟ್ಟಿಗೆಗೂ ಅದನ್ನು ಮಳೆ ತಾಗದಂತೆ ಪೇರಿಸಿಡುವ ಚಪ್ಪರಕ್ಕೂ ತೆಗೆದಿರಿಸಿದ್ದೇನೆ.