ಶಿಕಾಗೋದಿಂದ ಆಕ್ರನ್‌ವರೆಗೆ, ಒಂದು ಸೋಲಿನ ಬೆನ್ನು ಹತ್ತಿ

ಶಿಕಾಗೋದಲ್ಲಿ ಬಾಸ್ಕೆಟ್‌ಬಾಲ್ ಆಟಗಾರ ಲೆಬ್ರಾನ್ ಜೇಮ್ಸ್ ಬಗ್ಗೆ ಎರಡು ಒಳ್ಳೆಯ ಮಾತು ಕೇಳಬೇಕೆಂದರೆ ತುಂಬಾ ಹುಡುಕಬೇಕು. ಆಫೀಸಿನ ಕೆಲಸಕ್ಕೆಂದು ಅಲ್ಲಿಗೆ ಹೋಗಿದ್ದೆ. 2018ರ ಜೂನ್ ಮೊದಲ ವಾರ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫೈನಲ್ಸ್ ನಡೆಯುತ್ತಿತ್ತು. ಏಳು ಪಂದ್ಯದ ಸರಣಿ, ಮೊದಲು ನಾಲ್ಕು ಗೆದ್ದವರಿಗೆ ಕಪ್. ಲೆಬ್ರಾನ್‌ನ ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್ ತಂಡ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಎದುರು ಮೊದಲ ಮೂರೂ ಪಂದ್ಯ ಸೋತಿತ್ತು. ಊಟದ ಮೇಜಿನಲ್ಲಿ ದಿನಾ ಅದೇ ಮಾತು. ಶಿಕಾಗೋದವರದು ಒಂದೇ ಲೆಕ್ಕ: ನಮ್ಮ ಬುಲ್ಸ್ ತಂಡದ ಮೈಕೆಲ್ ಜೋರ್ಡನ್ ಆರು ಫೈನಲ್ಸ್ ಆಡಿದ, ಆರೂ ಗೆದ್ದ. ಅಷ್ಟು ಹೇಳಿ ಊಟ ಮುಂದುವರಿಸುತ್ತಿದ್ದರು, ಇನ್ನು ಮಾತಾಡುವುದೇನಿದೆ ಎನ್ನುವ ಹಾಗೆ.

ಬುಲ್ಸ್ ಆಡುವ ಯುನೈಟೆಡ್ ಸೆಂಟರ್‌ಗೆ ಹೋಗಿ ಜೋರ್ಡನ್ ಪ್ರತಿಮೆಯನ್ನೂ ನೋಡಿಬಂದೆ. ಮೊದಲು ಹೊರಗೆ ಬಯಲಲ್ಲಿತ್ತು, 2017ರಲ್ಲಿ ಒಳಗಿನ ಹಜಾರಕ್ಕೆ ತಂದರು. ಜನ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಮ್ಮ ಕಡೆ ಆಗಿದ್ದರೆ ಒಂದು ಹಾರ ಬಿದ್ದಿರುತ್ತಿತ್ತು ಅನ್ನಿಸಿತು.

ಅಕ್ಕ, ಭಾವ ಇರುವುದು ಕ್ಲೀವ್‌ಲ್ಯಾಂಡ್ ಪಕ್ಕದ ಒಂದು ಬಡಾವಣೆಯಲ್ಲಿ. ಶನಿವಾರ, ಭಾನುವಾರ ಅವರ ಜೊತೆ ಕಳೆಯೋಣ ಎಂದು ರೈಲಿಗೆ ಟಿಕೆಟ್ ಮಾಡಿಸಿದೆ. ವಿಮಾನದಲ್ಲಿ ಹೋದರೆ ಬೇಗ ತಲುಪಬಹುದು, ಆದರೆ ನನಗೆ ರಾತ್ರಿ ರೈಲಿನ ಹುಚ್ಚು. ಲೇಕ್ ಶೋರ್ ಲಿಮಿಟೆಡ್ ಎಂಬ ಗಾಡಿ ಶಿಕಾಗೋದ ಯೂನಿಯನ್ ಸ್ಟೇಷನ್ನಿನಿಂದ ರಾತ್ರಿ ಒಂಬತ್ತೂವರೆಗೆ ಹೊರಟು ನ್ಯೂಯಾರ್ಕ್ ಕಡೆ ಹೋಗುತ್ತದೆ. ನಾನು ಹೊರಟ ರಾತ್ರಿಯೇ, ಜೂನ್ 8ರಂದು, ಕ್ಲೀವ್‌ಲ್ಯಾಂಡಿನಲ್ಲಿ ನಾಲ್ಕನೇ ಪಂದ್ಯ. ಮೊದಲರ್ಧ ಸ್ಟೇಷನ್ ಹತ್ತಿರದ ಹೋಟೆಲೊಂದರ ಟಿವಿಯಲ್ಲಿ ನೋಡಿದೆ. ಉಳಿದದ್ದು ರೈಲಿನಲ್ಲಿ, ಮೊಬೈಲಿನಲ್ಲಿ, ಸಿಗ್ನಲ್ ಬಂದಾಗ ಬಂತು, ಹೋದಾಗ ಹೋಯಿತು.

ಪಕ್ಕದ ಸೀಟಿನಲ್ಲಿ ಟೊಲೀಡೋಗೆ ಹೋಗುವ ಒಬ್ಬ ಹಿರಿಯರಿದ್ದರು. ನನ್ನ ಫೋನಿನೊಳಗೇ ಅವರೂ ಕಣ್ಣು ನೆಟ್ಟಿದ್ದರು. ಇಂಡಿಯಾನಾದ ಕತ್ತಲಲ್ಲಿ ಸಿಗ್ನಲ್ ಸತ್ತಾಗ ಅವರು ಮೊದಲನೇ ಪಂದ್ಯದ ಕಥೆ ತೆಗೆದರು. ಅದನ್ನು ನೋಡಿದ ಯಾರೂ ಮರೆಯುವ ಹಾಗಿಲ್ಲ. ಲೆಬ್ರಾನ್ ಒಬ್ಬನೇ 51 ಪಾಯಿಂಟ್ ಹೊಡೆದಿದ್ದ. ಸ್ಕೋರು 107-107, ಉಳಿದದ್ದು ಐದು ಸೆಕೆಂಡೂ ಇಲ್ಲ. ಲೆಬ್ರಾನ್ ತಂಡದ ಜಾರ್ಜ್ ಹಿಲ್ ಎರಡನೇ ಫ್ರೀ ಥ್ರೋ, ಅಂದರೆ ಎದುರಾಳಿಯ ತಪ್ಪಿಗೆ ಸಿಗುವ ಎಸೆತ, ತಪ್ಪಿಸಿದ. ವಾಪಸ್ ಪುಟಿದ ಚೆಂಡು ಸಿಕ್ಕಿದ್ದು ಅದೇ ತಂಡದ ಜೆ. ಆರ್. ಸ್ಮಿತ್‌ಗೆ, ಬುಟ್ಟಿಯ ಕೆಳಗೇ! ಅವನು ಅಲ್ಲಿಂದಲೇ ಎಸೆಯುವುದು ಬಿಟ್ಟು ಚೆಂಡು ತಟ್ಟುತ್ತಾ ಅಂಗಳದ ಮಧ್ಯಕ್ಕೆ ಓಡಿದ. ಲೆಬ್ರಾನ್ ಎರಡೂ ಕೈ ಚಾಚಿ ಏನಪ್ಪಾ ಇದು ಎಂದು ನಿಂತ. ಪಂದ್ಯ ಓವರ್‌ಟೈಮ್‌ಗೆ ಹೋಯಿತು, 124-114ರಲ್ಲಿ ವಾರಿಯರ್ಸ್ ಗೆದ್ದಿತು. ಹಿರಿಯರು ಹೇಳಿದ್ದು ಇಷ್ಟೇ: "ಆ ಚಿತ್ರದಲ್ಲಿ ಸೋತವನು ಯಾರು, ಸೋಲಿಸಿದವನು ಯಾರು, ಹೇಳಿ ನೋಡೋಣ."

ಮತ್ತೆ ಸಿಗ್ನಲ್ ಬರುವಷ್ಟರಲ್ಲಿ ಪಂದ್ಯ ಕೈಬಿಟ್ಟಿತ್ತು. ಇನ್ನೂ ನಾಲ್ಕು ನಿಮಿಷ ಇರುವಾಗಲೇ ಲೆಬ್ರಾನ್ ಅಂಗಳ ಬಿಟ್ಟು ಹೊರಬಂದ. ವಾರಿಯರ್ಸ್ ಆಟಗಾರರ ಕೈ ಕುಲುಕಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. 108-85. ಸರಣಿ 4-0. ಮಧ್ಯರಾತ್ರಿಯ ಹೊತ್ತಿಗೆ ಇನ್ನೊಂದು ಸುದ್ದಿ: ಮೊದಲ ಪಂದ್ಯ ಮುಗಿದ ಸಿಟ್ಟಿಗೆ ಡ್ರೆಸ್ಸಿಂಗ್ ರೂಮಿನ ಬಿಳಿ ಬೋರ್ಡಿಗೆ ಗುದ್ದಿ, ಬಲಗೈ ಕೆಡಿಸಿಕೊಂಡೇ ಉಳಿದ ಮೂರು ಪಂದ್ಯ ಆಡಿದ್ದನಂತೆ. ಹಿರಿಯರು ನಗಾಡಿದರು. ನನಗೆ ಸಿಟ್ಟು ಬಂತು. ಎಂಟು ವರ್ಷ ಸತತವಾಗಿ ಫೈನಲ್ಸ್ ಆಡಿದವನಿಗೆ ಬೋರ್ಡಿಗೆ ಗುದ್ದಬಾರದು ಅಂತ ಗೊತ್ತಿರಬೇಡವಾ?

ಬೆಳಗಿನ ಜಾವ ಕ್ಲೀವ್‌ಲ್ಯಾಂಡ್. ಸ್ಟೇಷನ್ ಚಿಕ್ಕದು, ಈರಿ ಸರೋವರದ ದಡದಲ್ಲೇ ಇದೆ. ಪಕ್ಕದಲ್ಲಿ ಬ್ರೌನ್ಸ್ ಫುಟ್‌ಬಾಲ್ ತಂಡದ ದೊಡ್ಡ ಕ್ರೀಡಾಂಗಣ. ಭಾವ ಕಾರಿನ ಜೊತೆ ಕಾಯುತ್ತಿದ್ದರು. "ನಿದ್ದೆ ಆಯ್ತೇನೋ?" ಎಂದರು. ಅವರಿಗೇ ಆಗಿರಲಿಲ್ಲ ಎಂದು ಮುಖ ಹೇಳುತ್ತಿತ್ತು. ಆ ಕ್ರೀಡಾಂಗಣ ತೋರಿಸಿ, "ಹೋದ ಸೀಸನ್ ಇವರು ಹದಿನಾರಕ್ಕೆ ಹದಿನಾರೂ ಸೋತ್ರು ಮಾರಾಯ. ಜನ ಜನವರಿ ಚಳಿಯಲ್ಲಿ ಅದಕ್ಕೇ ಒಂದು ಮೆರವಣಿಗೆ ತೆಗೆದ್ರು" ಎಂದರು. ಸೋಲನ್ನು ಹೀಗೆ ಮೆರೆಸುವ ಊರಲ್ಲಿ ಫೈನಲ್ಸ್ ಸೋತದ್ದು ಎಷ್ಟರ ವಿಷಯ?

ಮನೆಗೆ ಹೋಗುವ ಮೊದಲು ಪೇಟೆ ಒಂದು ಸುತ್ತು ಹಾಕಿಸಿದರು. ಹಿಂದಿನ ರಾತ್ರಿ ಆಟ ನಡೆದ ಕ್ವಿಕೆನ್ ಲೋನ್ಸ್ ಅರೀನಾ ಮುಂದೆ ಕಸ ಗುಡಿಸುತ್ತಿದ್ದರು. ಎದುರಿಗೆ ಶೆರ್ವಿನ್ ವಿಲಿಯಮ್ಸ್ ಪೇಂಟ್ ಕಂಪನಿಯ ಕಟ್ಟಡ. ಅದರ ಗೋಡೆಯ ಮೇಲೆ ಹತ್ತು ಅಂತಸ್ತು ಎತ್ತರದ ಲೆಬ್ರಾನ್ ಚಿತ್ರ. ನಮಗೆ ಬೆನ್ನು ಮಾಡಿ, ಎರಡೂ ಕೈ ಅಗಲಿಸಿ, ತಲೆ ಮೇಲೆತ್ತಿ ನಿಂತಿದ್ದಾನೆ. ಜೆರ್ಸಿಯ ಬೆನ್ನಲ್ಲಿ ಅವನ ಹೆಸರಿಲ್ಲ, ಊರಿನ ಹೆಸರಿದೆ. ಫೋಟೋ ತೆಗೆಯುವವರಲ್ಲಿ ಮುಕ್ಕಾಲು ಜನ ಇದು ಕೊನೆಯ ಸಲ ಇರಬಹುದು ಎಂಬ ಮುಖದಲ್ಲಿದ್ದರು. ಒಪ್ಪಂದ ಬಿಟ್ಟು ಹೊರಡುವ ಆಯ್ಕೆ ಆ ಬೇಸಿಗೆಗೆ ಅವನ ಕೈಯಲ್ಲಿತ್ತಲ್ಲ!

ಶನಿವಾರದ ತರಕಾರಿಗೆ ಅಕ್ಕ ಹೋಗುವುದು ವೆಸ್ಟ್ ಸೈಡ್ ಮಾರ್ಕೆಟ್‌ಗೆ. 1912ರಲ್ಲಿ ಶುರುವಾದ, ಗಡಿಯಾರದ ಗೋಪುರವಿರುವ ಹಳದಿ ಇಟ್ಟಿಗೆಯ ಕಟ್ಟಡ. ಒಳಗೆ ಮಾಂಸ, ಚೀಸ್, ಬ್ರೆಡ್ಡು. ಪಕ್ಕದ ಉದ್ದನೆಯ ಜಗಲಿಯಲ್ಲಿ ಹಣ್ಣು, ತರಕಾರಿ. ಪೋಲೆಂಡ್ ಕಡೆಯ ಪಿರೋಗಿ ಎಂಬ ತಿಂಡಿ ಇಲ್ಲಿ ಸಿಗುತ್ತದೆ. ಆಲೂಗಡ್ಡೆ ಹೂರಣ ತುಂಬಿ ಬೇಯಿಸಿದ್ದು, ಸಸ್ಯಾಹಾರಿಗಳೂ ತಿನ್ನಬಹುದು. ಅಕ್ಕ ಮನೆಯಲ್ಲಿ ಇದಕ್ಕೆ ಚಟ್ನಿಪುಡಿ ಹಚ್ಚಿಕೊಡುತ್ತಾಳೆ. ಪೋಲೆಂಡಿನವರು ಕ್ಷಮಿಸಲಿ, ತುಂಬಾ ಚೆನ್ನಾಗಿರುತ್ತದೆ.

ಮಾರ್ಕೆಟ್ಟಿನಲ್ಲಿ ಕಿವಿಗೆ ಬಿದ್ದ ಮಾತುಗಳೇ ನನ್ನನ್ನು ಯೋಚನೆಗೆ ಹಚ್ಚಿದ್ದು. ಯಾರ ಬಾಯಲ್ಲೂ ಜೋರ್ಡನ್ ಇಲ್ಲ, ಆರಕ್ಕೆ ಆರು ಇಲ್ಲ. ಲೆಬ್ರಾನ್‌ನ ಲೆಕ್ಕ ಆವತ್ತಿಗೆ ಒಂಬತ್ತು ಫೈನಲ್ಸ್, ಮೂರು ಗೆಲುವು, ಆರು ಸೋಲು. ಆ ಸಂಖ್ಯೆಯೂ ಇಲ್ಲ. ಇಲ್ಲಿನ ಜಗಳವೇ ಬೇರೆ. ಟೊಮೆಟೊ ಮಾರುವವನು ಹೇಳುತ್ತಾನೆ, 2010ರಲ್ಲಿ ಟಿವಿಯಲ್ಲಿ ಕೂತು ಮಯಾಮಿಗೆ ಹೋಗ್ತೀನಿ ಅಂದವನನ್ನು ಹೇಗೆ ನಂಬೋದು? ಕೊಳ್ಳಲು ಬಂದ ಹೆಂಗಸು ಹೇಳುತ್ತಾಳೆ, 2014ರಲ್ಲಿ ವಾಪಸ್ ಬಂದನಲ್ಲ, ಕೊಟ್ಟ ಮಾತನ್ನು 2016ರಲ್ಲಿ ಉಳಿಸಿಕೊಂಡನಲ್ಲ. ಅಂಗಡಿಯವನು ಸುಮ್ನೆ ಒಂದು ಟೊಮೆಟೊ ಜಾಸ್ತಿ ಹಾಕಿದ.

2016 ಎಂದರೆ ಇಲ್ಲಿ ವಿವರಿಸಬೇಕಾಗಿಯೇ ಇಲ್ಲ. 1964ರಲ್ಲಿ ಬ್ರೌನ್ಸ್ ಗೆದ್ದ ಮೇಲೆ 52 ವರ್ಷ ಈ ಊರಿನ ಯಾವ ದೊಡ್ಡ ತಂಡವೂ ಕಪ್ ತಂದಿರಲಿಲ್ಲ. 1989ರಲ್ಲಿ ಕೊನೆಯ ಕ್ಷಣದ ಒಂದು ಬಾಸ್ಕೆಟ್‌ನಿಂದ ಕ್ಯಾವಲಿಯರ್ಸ್ ತಂಡವನ್ನು ಹೊರಹಾಕಿದವನು ಅದೇ ಶಿಕಾಗೋದ ಜೋರ್ಡನ್. 2016ರ ಫೈನಲ್ಸ್‌ನಲ್ಲಿ ಎದುರಿಗಿದ್ದದ್ದು ಆ ಸೀಸನ್ನಿನಲ್ಲಿ 73 ಪಂದ್ಯ ಗೆದ್ದ ವಾರಿಯರ್ಸ್. 3-1ರಿಂದ ಹಿಂದೆ ಬಿದ್ದ ಮೇಲೆ ಮೂರು ಪಂದ್ಯ ಸತತ ಗೆಲ್ಲಬೇಕಿತ್ತು. ಫೈನಲ್ಸ್‌ನಲ್ಲಿ ಅದುವರೆಗೆ ಯಾರೂ ಹಾಗೆ ಗೆದ್ದಿರಲಿಲ್ಲ. ಏಳನೇ ಪಂದ್ಯದ ಕೊನೆಯ ಎರಡು ನಿಮಿಷದೊಳಗೆ, 89-89 ಇರುವಾಗ, ವಾರಿಯರ್ಸ್‌ನ ಇಗ್ವೊಡಾಲ ಬುಟ್ಟಿಗೆ ಹಾಕಲಿದ್ದ ಚೆಂಡನ್ನು ಲೆಬ್ರಾನ್ ಹಿಂದಿನಿಂದ ಓಡಿಬಂದು ಬುಟ್ಟಿಯ ಹಿಂದಿನ ಹಲಗೆಗೆ ಬಡಿದ. ಆಮೇಲೆ ಅವನ ಜೊತೆಗಾರ ಕೈರಿ ಅರ್ವಿಂಗ್‌ನ ಮೂರು ಪಾಯಿಂಟಿನ ಹೊಡೆತ. 93-89. ಮೆರವಣಿಗೆಗೆ ಹತ್ತು ಲಕ್ಷಕ್ಕೂ ಜಾಸ್ತಿ ಜನ ಬಂದಿದ್ದರೆಂದು ಅಂದಾಜು. ಅಕ್ಕನ ಮಗ ಅದರಲ್ಲಿ ಒಬ್ಬ. ಕಾಣಲಿಲ್ಲ ಎಂದು ಅಪ್ಪನ ಹೆಗಲೇರಿ ಕೂತಿದ್ದನಂತೆ, ಹನ್ನೊಂದು ವರ್ಷದ ಹುಡುಗ! ಭಾವ ಈಗಲೂ ಬೆನ್ನು ಹಿಡಿದುಕೊಂಡೇ ಆ ಕಥೆ ಹೇಳುತ್ತಾರೆ.

ಮಧ್ಯಾಹ್ನ ನಾನು, ಭಾವ, ಅಳಿಯ ಮೂವರೂ ಆಕ್ರನ್‌ಗೆ ಹೊರಟೆವು. ದಕ್ಷಿಣಕ್ಕೆ ಸುಮಾರು ಅರುವತ್ತು ಕಿಲೋಮೀಟರ್. ಲೆಬ್ರಾನ್ ಹುಟ್ಟಿದ ಊರು. ಒಂದು ಕಾಲದಲ್ಲಿ ಜಗತ್ತಿನ ರಬ್ಬರ್ ರಾಜಧಾನಿ. ಗುಡ್‌ಇಯರ್, ಫೈರ್‌ಸ್ಟೋನ್, ಗುಡ್ರಿಚ್ ಎಲ್ಲ ಇಲ್ಲಿಂದಲೇ ಬೆಳೆದವು. ಈಗ ಗುಡ್‌ಇಯರ್‌ನ ಮುಖ್ಯ ಕಚೇರಿ ಉಳಿದಿದೆ, ಟೈರಿನ ದೊಡ್ಡ ಕಾರ್ಖಾನೆಗಳು ಮುಚ್ಚಿ ಎಷ್ಟೋ ಕಾಲವಾಯಿತು. ಭಾವ ಭದ್ರಾವತಿಯವರು. ಅವರಪ್ಪ ಕಬ್ಬಿಣದ ಕಾರ್ಖಾನೆಯಲ್ಲಿದ್ದವರು. "ಈ ಊರಿಗೆ ಬಂದ್ರೆ ನನಗೆ ನ್ಯೂಟೌನ್ ನೆನಪಾಗತ್ತೆ ನೋಡು. ಸೈರನ್ ನಿಂತ ಮೇಲೂ ಜನ ಅದೇ ಟೈಮಿಗೆ ಏಳ್ತಾರೆ" ಎಂದರು.

ಸೇಂಟ್ ವಿನ್ಸೆಂಟ್-ಸೇಂಟ್ ಮೇರಿ ಶಾಲೆಯ ಮುಂದೆ ಕಾರು ನಿಲ್ಲಿಸಿದೆವು. ಲೆಬ್ರಾನ್ ಓದಿದ ಹೈಸ್ಕೂಲು. ಹದಿನಾರರ ತಾಯಿಗೆ ಹುಟ್ಟಿದ ಹುಡುಗ, ಮನೆಯಿಂದ ಮನೆಗೆ ಅಲೆದಾಡಿ ನಾಲ್ಕನೇ ಕ್ಲಾಸಿನಲ್ಲಿ ಎಂಬತ್ತಕ್ಕೂ ಹೆಚ್ಚು ದಿನ ಶಾಲೆಗೇ ಹೋಗಿರಲಿಲ್ಲ. ಅದೇ ಊರಲ್ಲಿ ಅವನ ಸಂಸ್ಥೆ ಸರ್ಕಾರಿ ಶಾಲಾ ವ್ಯವಸ್ಥೆಯ ಜೊತೆ ಸೇರಿ ಒಂದು ಶಾಲೆ ತೆರೆಯುತ್ತಿತ್ತು. ನಾವು ಹೋದಾಗ ಇನ್ನೂ ಕೆಲಸ ನಡೆದಿತ್ತು. ಜುಲೈ ಕೊನೆಗೆ ಶುರುವಾಯಿತು, ಮೂರು ಮತ್ತು ನಾಲ್ಕನೇ ಕ್ಲಾಸಿನ 240 ಮಕ್ಕಳೊಂದಿಗೆ. ಸೇರಿದ ಮಕ್ಕಳಿಗೆಲ್ಲ ಒಂದೊಂದು ಸೈಕಲ್ಲು. ಇನ್ನೊಂದು ತಮಾಷೆ: ಅವನನ್ನು ಹಿಂದಿನ ರಾತ್ರಿ ಸೋಲಿಸಿದ ವಾರಿಯರ್ಸ್‌ನ ಸ್ಟೀಫನ್ ಕರಿ ಹುಟ್ಟಿದ್ದೂ ಆಕ್ರನ್‌ನಲ್ಲೇ, ಅದೂ ಅದೇ ಆಸ್ಪತ್ರೆಯಲ್ಲಿ. ಕರಿಯ ಅಪ್ಪ ಆಗ ಕ್ಲೀವ್‌ಲ್ಯಾಂಡ್‌ಗೆ ಆಡುತ್ತಿದ್ದರು.

ವಾಪಸ್ ಬರುವ ದಾರಿಯಲ್ಲಿ ಜೋರು ವಾದ ಹತ್ತಿತು. ಅಳಿಯ ಹಿಂದಿನ ಸೀಟಿನಿಂದ, "ಮಾಮ, ನಿಮ್ಮ ಶಿಕಾಗೋ ಫ್ರೆಂಡ್ಸ್‌ಗೆ ಕೇಳಿ. ಜೋರ್ಡನ್ ಮೊದಲ ಮೂರು ವರ್ಷ ಪ್ಲೇಆಫ್, ಅಂದ್ರೆ ಫೈನಲ್ಸ್‌ಗೆ ದಾರಿಯಾಗುವ ನಾಕೌಟ್ ಸುತ್ತುಗಳಲ್ಲಿ ಮೊದಲನೇದರಲ್ಲೇ ಹೊರಗೆ ಹೋದ. 1986ರಲ್ಲಿ ಬಾಸ್ಟನ್ ಮೇಲೆ ಒಂದೇ ಪಂದ್ಯದಲ್ಲಿ 63 ಹೊಡೆದೂ 3-0 ಸೋತ. ಅದನ್ನು ಯಾಕೆ ಎಣಿಸಲ್ಲ?" ಎಂದ. ಸರಿಯಾದ ಪ್ರಶ್ನೆ. ಮೊದಲ ಸುತ್ತಲ್ಲಿ ಸೋತರೆ ಲೆಕ್ಕಕ್ಕಿಲ್ಲ, ಕೊನೆಯ ಸುತ್ತಲ್ಲಿ ಸೋತರೆ ಕಳಂಕ. ಇದ್ಯಾವ ನ್ಯಾಯ?

ಭಾವನಿಗೆ ಬೇರೆ ತಕರಾರು. "ತಂಡ ಹೀಗಾಗಿದ್ದಕ್ಕೆ ಅವನೂ ಕಾರಣ ಕಣೋ. ವರ್ಷ ವರ್ಷದ ಒಪ್ಪಂದ ಮಾಡಿಕೊಂಡು ಆಡಳಿತದವರನ್ನು ತುದಿಗಾಲಲ್ಲಿ ನಿಲ್ಲಿಸಿದ. ಕೈರಿ ನನ್ನನ್ನು ಬೇರೆ ಕಡೆ ಕಳಿಸಿ ಅಂತ ಸುಮ್ನೆ ಕೇಳಿದ್ನಾ?" ಅಳಿಯ ಬಿಡಲಿಲ್ಲ. ಈ ವರ್ಷ 82ಕ್ಕೆ 82 ಪಂದ್ಯ ಆಡಿದ, ಮೂವತ್ತಮೂರು ವಯಸ್ಸಲ್ಲಿ. ಫೈನಲ್ಸ್‌ಗೆ ಮುಂಚಿನ ಸುತ್ತಿನಲ್ಲಿ, ಬಾಸ್ಟನ್‌ನಲ್ಲಿ ನಡೆದ ಏಳನೇ ಪಂದ್ಯದಲ್ಲಿ 48 ನಿಮಿಷವೂ ಕೂರಲಿಲ್ಲ, 35 ಹೊಡೆದ. ಇನ್ನೇನು ಮಾಡಬೇಕಿತ್ತು ಅಪ್ಪಾ?

ಆಗ ಭಾವ ವಿಶ್ವನಾಥ್ ಕಥೆ ತೆಗೆದರು. ಭದ್ರಾವತಿಯಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥ್. "ಗವಾಸ್ಕರ್ ರನ್ ಜಾಸ್ತಿ ಅಂತ ಬೇರೆ ಊರಿನವರು ಹೇಳ್ತಿದ್ರು. ನಮ್ಮಪ್ಪ ಒಂದೇ ಮಾತು ಹೇಳೋರು: ವಿಶಿ ಸೆಂಚುರಿ ಹೊಡೆದ ಟೆಸ್ಟ್ ಇಂಡಿಯಾ ಸೋತಿದ್ದು ತೋರಿಸಿ. ಮದ್ರಾಸಿನಲ್ಲಿ ರಾಬರ್ಟ್ಸ್ ಎದುರು 97 ನಾಟೌಟ್, ಅದು ಸೆಂಚುರಿ ಪಟ್ಟಿಯಲ್ಲೇ ಇಲ್ಲ." ತಮ್ಮ ವಾದಕ್ಕೆ ತಾವೇ ಉರುಳು ಹಾಕಿಕೊಂಡರು ಎಂದು ಅಳಿಯ ಕುಣಿದಾಡಿದ. ಭಾವ ಎಫ್‌ಎಂ ಜೋರು ಮಾಡಿದರು.

ನನ್ನ ಅಭಿಪ್ರಾಯವನ್ನೂ ಹೇಳಿಬಿಟ್ಟೆ. ಆರು ಸೋಲನ್ನು ಒಂದೇ ತಕ್ಕಡಿಯಲ್ಲಿ ಹಾಕಬಾರದು. 2007ರಲ್ಲಿ ಇಪ್ಪತ್ತೆರಡರ ಹುಡುಗ ಸಾಧಾರಣ ತಂಡವನ್ನು ಫೈನಲ್ಸ್‌ಗೆ ಎಳೆದು ತಂದ, ಸ್ಯಾನ್ ಆಂಟೋನಿಯೊ ಎದುರು ಸೋತ. ಅದು ಕಳಂಕ ಹೇಗಾಗುತ್ತದೆ? 1969ರಲ್ಲಿ ಜೆರ್ರಿ ವೆಸ್ಟ್ ಫೈನಲ್ಸ್ ಸೋತೂ ಸರಣಿಶ್ರೇಷ್ಠನಾಗಿದ್ದ. ಈ 2018ರಲ್ಲೂ ಅಂಥದ್ದೇನೋ ಇದೆ, ಆ ಬೋರ್ಡಿನ ಗುದ್ದು ಒಂದು ಬಿಟ್ಟು. ಆದರೆ 2011 ಬೇರೆ. ಮಯಾಮಿಯಲ್ಲಿ ವೇಡ್, ಬಾಷ್‌ರಂಥ ದೊಡ್ಡ ಆಟಗಾರರು ಜೊತೆಗಿದ್ದರು. ತಂಡ 2-1ರಿಂದ ಮುಂದಿತ್ತು. ನಾಲ್ಕನೇ ಪಂದ್ಯದಲ್ಲಿ ಲೆಬ್ರಾನ್ ಬರೀ 8 ಪಾಯಿಂಟ್. ಡಲ್ಲಾಸ್ ಕಪ್ ಎತ್ತಿಕೊಂಡು ಹೋಯಿತು. ಅವನ ಹೆಸರಿನ ಪಕ್ಕ ಒಂದು ಗುರುತು ಹಾಕಲೇಬೇಕೆಂದರೆ ಅದನ್ನೇ ಹಾಕಬೇಕು. ಅಳಿಯ ನನ್ನ ಜೊತೆ ಮಾತು ಬಿಟ್ಟ. ಐಸ್‌ಕ್ರೀಮ್ ಅಂಗಡಿ ಬರುವವರೆಗೆ.

ಭಾನುವಾರ ಪಾರ್ಮಾದ ಶಿವ-ವಿಷ್ಣು ದೇವಸ್ಥಾನಕ್ಕೆ ಹೋದೆವು. ಊಟದ ಸಾಲಲ್ಲಿ ಕನ್ನಡ, ತೆಲುಗು, ಗುಜರಾತಿಯಲ್ಲಿ ಅದೇ ವಿಷಯ. ಉಳೀತಾನಾ, ಹೋಗ್ತಾನಾ? ಪುಳಿಯೋಗರೆ ಚೆನ್ನಾಗಿತ್ತು.

ಜುಲೈ 1ಕ್ಕೆ ಅವನು ಲಾಸ್ ಏಂಜಲೀಸ್ ಲೇಕರ್ಸ್ ಸೇರುವ ಸುದ್ದಿ ಬಂತು. ಎಂಟು ವರ್ಷದ ಹಿಂದಿನ ಟಿವಿ ನಾಟಕ ಈ ಸಲ ಇರಲಿಲ್ಲ, ಚಿಕ್ಕದೊಂದು ಪ್ರಕಟಣೆ ಅಷ್ಟೇ. ಕೆಲವೇ ದಿನದಲ್ಲಿ ಗೋಡೆಯ ಚಿತ್ರ ಕೆಳಗಿಳಿಯಿತು. ಹಿಂದಿನ ಸೀಸನ್ನಿನಲ್ಲಿ 50 ಪಂದ್ಯ ಗೆದ್ದ ತಂಡ ಮುಂದಿನದರಲ್ಲಿ ಗೆದ್ದದ್ದು 19. 2010ರಲ್ಲಿ ಅವನು ಹೋದಾಗಲೂ 61ರಿಂದ 19ಕ್ಕೇ ಇಳಿದಿತ್ತು. ಕಪ್ ಗೆದ್ದವರಿಗೆ ಸಿಗುವ ರಿಂಗ್ ಎಣಿಸುವವರು ಈ ಎರಡು 19ನ್ನೂ ಒಮ್ಮೆ ನೋಡಲಿ ಅನ್ನುವುದು ನನ್ನ ಆಸೆ. 2020ರಲ್ಲಿ ಲೇಕರ್ಸ್ ಜೊತೆ ಇನ್ನೊಂದು ಕಪ್ ಬಂತು. 2023ರ ಫೆಬ್ರವರಿಯಲ್ಲಿ ಕರೀಮ್ ಅಬ್ದುಲ್ ಜಬ್ಬಾರ್ ಅವರ 38,387 ಪಾಯಿಂಟಿನ ದಾಖಲೆಯನ್ನೂ ದಾಟಿದ. ಶಿಕಾಗೋದ ಊಟದ ಮೇಜಿನಲ್ಲಿ ಈಗಲೂ ಆರಕ್ಕೆ ಆರೇ.

ಅಳಿಯ ಈಗ ಕಾಲೇಜಿನಲ್ಲಿದ್ದಾನೆ. 2011ರ ವಿಷಯದಲ್ಲಿ ಇನ್ನೂ ಒಪ್ಪಿಲ್ಲ. ಡಲ್ಲಾಸ್‌ನವರು ಝೋನ್ ಡಿಫೆನ್ಸ್ (ಆಟಗಾರನ ಬದಲು ಜಾಗ ಕಾಯುವ ರಕ್ಷಣೆ) ಹೇಗೆ ಕಟ್ಟಿದರು ಎಂದು ವಿಡಿಯೋ ಕಳಿಸುತ್ತಿರುತ್ತಾನೆ. ನೋಡುತ್ತೇನೆ. ಎಂಟೇ ಪಾಯಿಂಟಲ್ವಾ ಎಂದು ಉತ್ತರ ಬರೆಯುತ್ತೇನೆ.