ಜಂಕ್ ಫುಡ್: ಯಾವುದನ್ನು ಬಿಡಬೇಕು, ಯಾವುದನ್ನು ಅಳೆದು ತಿನ್ನಬಹುದು

ಜಂಕ್ ಫುಡ್ ಪೂರ್ತಿ ಬಿಡಬೇಕೋ, ಮಿತವಾಗಿ ತಿಂದರೆ ಸಾಕೋ ಎಂಬ ಪ್ರಶ್ನೆಗೆ ಒಂದೇ ಉತ್ತರ ಕೊಡಲು ಹೋದರೆ ಎಡವುತ್ತೇವೆ. ತಂಪು ಪಾನೀಯ, ಚಿಪ್ಸ್, ಬಿಸ್ಕತ್ತು, ಐಸ್‌ಕ್ರೀಂ, ಇನ್‌ಸ್ಟಂಟ್ ನೂಡಲ್ಸ್, ಬರ್ಗರ್ ಎಲ್ಲಕ್ಕೂ ಅದೇ ಹೆಸರು. ಆದರೆ ಒಂದೊಂದು ದೇಹಕ್ಕೆ ಮಾಡುವ ತೊಂದರೆ ಬೇರೆ, ಒಂದೊಂದನ್ನು ನಿಲ್ಲಿಸುವ ಕಷ್ಟವೂ ಬೇರೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸಕ್ಕರೆ ಪಾನೀಯಗಳನ್ನು ಬಿಟ್ಟುಬಿಡಿ. ಉಳಿದದ್ದನ್ನು ಅಳೆದು ತಿನ್ನಿ. ಅಳೆದರೂ ಕೈ ನಿಲ್ಲದ ಒಂದೋ ಎರಡೋ ತಿಂಡಿ ಬಹಳ ಜನರಿಗೆ ಇರುತ್ತವೆ, ಅವನ್ನು ಮನೆಯೊಳಗೆ ತರಲೇಬೇಡಿ.

ಮನಸ್ಸು ಗಟ್ಟಿ ಮಾಡಿಕೊಂಡರೆ ಆಯಿತು ಎನ್ನುವ ಮಾತು ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್‌ನಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ಸಾಕ್ಷಿ. 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಎರಡು ವಾರ ಅತಿಯಾಗಿ ಸಂಸ್ಕರಿಸಿದ ಆಹಾರ, ಇನ್ನೆರಡು ವಾರ ಅಷ್ಟಾಗಿ ಸಂಸ್ಕರಿಸದ ಆಹಾರ ಕೊಟ್ಟರು. ಮುಂದಿಟ್ಟ ಊಟದಲ್ಲಿ ಕ್ಯಾಲರಿ, ಸಕ್ಕರೆ, ಕೊಬ್ಬು, ನಾರು, ಸೋಡಿಯಂ ಎರಡೂ ಅವಧಿಯಲ್ಲಿ ಹೆಚ್ಚುಕಡಿಮೆ ಸಮವಾಗಿತ್ತು. ಎಷ್ಟು ಬೇಕಾದರೂ ತಿನ್ನಬಹುದು, ಬೇಡವಾದರೆ ಬಿಡಬಹುದು. ಸಂಸ್ಕರಿಸಿದ ಆಹಾರದ ದಿನಗಳಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚು ತಿಂದರು. ಎರಡು ವಾರದಲ್ಲಿ ಸರಾಸರಿ 0.9 ಕೆ.ಜಿ. ತೂಕ ಏರಿತು, ಇನ್ನೊಂದು ಆಹಾರದಲ್ಲಿ ಅಷ್ಟೇ ಇಳಿಯಿತು. ತಿನ್ನುವ ವೇಗವೂ ಹೆಚ್ಚಿತ್ತು. ಇಂಥ ತಿಂಡಿಯಲ್ಲಿ ನೀರಿನಂಶ ಕಡಿಮೆ, ಅಗಿಯುವ ಕೆಲಸ ಕಡಿಮೆ, ಒಂದೊಂದು ತುತ್ತಿನಲ್ಲಿ ಕ್ಯಾಲರಿ ಜಾಸ್ತಿ. ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಮುಟ್ಟುವ ಹೊತ್ತಿಗೆ ತಟ್ಟೆ ಖಾಲಿಯಾಗಿರುತ್ತದೆ. ಆದ್ದರಿಂದ ಹೊಟ್ಟೆ ಸಾಕು ಎನ್ನುವವರೆಗೆ ತಿಂದು ನಿಲ್ಲಿಸುತ್ತೇನೆ ಎಂಬ ಲೆಕ್ಕ ಈ ತಿಂಡಿಗಳ ಮುಂದೆ ನಡೆಯುವುದಿಲ್ಲ. ಅಳತೆ ಬಾಯಿಗೆ ಹಾಕುವ ಮೊದಲೇ ಆಗಿರಬೇಕು.

ಪಾನೀಯಗಳಿಗೆ ನಾನು ರಿಯಾಯಿತಿ ಕೊಡುವುದಿಲ್ಲ

ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯಂತೆ, ಸೇರಿಸಿದ ಸಕ್ಕರೆ, ಜೇನು ಮತ್ತು ಹಣ್ಣಿನ ರಸದ ಸಕ್ಕರೆ ಎಲ್ಲ ಸೇರಿ ದಿನದ ಕ್ಯಾಲರಿಯ ಶೇ. 10 ಮೀರಬಾರದು, ಶೇ. 5ರೊಳಗಿದ್ದರೆ ಇನ್ನೂ ಒಳ್ಳೆಯದು. ದಿನಕ್ಕೆ 2000 ಕ್ಯಾಲರಿ ತಿನ್ನುವವರಿಗೆ ಇದು 50 ಗ್ರಾಂ ಮತ್ತು 25 ಗ್ರಾಂ. ಮಾಮೂಲಿ ಕೋಲಾದಲ್ಲಿ 100 ಮಿ.ಲೀ.ಗೆ ಸುಮಾರು 10.6 ಗ್ರಾಂ ಸಕ್ಕರೆ. 330 ಮಿ.ಲೀ. ಕ್ಯಾನಿನಲ್ಲಿ 35 ಗ್ರಾಂ, ಅರ್ಧ ಲೀಟರ್ ಬಾಟಲಿಯಲ್ಲಿ 53 ಗ್ರಾಂ. ಟೀ ಚಮಚಕ್ಕೆ 4 ಗ್ರಾಂ ಎಂದರೂ ಹದಿಮೂರು ಚಮಚ. ಇಡೀ ದಿನದ ಮೇಲ್ಮಿತಿ ಒಂದೇ ಬಾಟಲಿಯಲ್ಲಿ ಮುಗಿದು ಹೋಯಿತು. ಇಷ್ಟಾದರೂ ಹಸಿವು ಕಡಿಮೆಯಾಗುವುದಿಲ್ಲ. ಅಗಿದು ತಿಂದ ಆಹಾರ ತಣಿಸಿದಷ್ಟು ಕುಡಿದ ಕ್ಯಾಲರಿ ಹೊಟ್ಟೆಯನ್ನು ತಣಿಸುವುದಿಲ್ಲ, ಮುಂದಿನ ಊಟ ಎಂದಿನಷ್ಟೇ ನಡೆಯುತ್ತದೆ. ಬದಲಿಗೆ ಏನೂ ಸಿಗದ ಖರ್ಚು ಇದು. ಅದಕ್ಕೇ ಪಟ್ಟಿಯಿಂದ ಮೊದಲು ತೆಗೆದುಹಾಕಿ ಎನ್ನುತ್ತೇನೆ.

ಹಲ್ಲಿನ ವಿಷಯಕ್ಕೆ ಬಂದರೆ ಎಷ್ಟು ಕುಡಿದಿರಿ ಎಂಬುದರ ಜತೆಗೆ ಎಷ್ಟು ಸಲ ಕುಡಿದಿರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಸಕ್ಕರೆ ಬಾಯಿಗೆ ಹೋದ ಕೆಲವೇ ನಿಮಿಷಗಳಲ್ಲಿ ಹಲ್ಲಿನ ಮೇಲಿನ ಪಾಚಿಯಲ್ಲಿ ಪಿಎಚ್ (ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದು ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್ ಕರಗಲು ಶುರುವಾಗುತ್ತದೆ. ಜೊಲ್ಲು ಅದನ್ನು ಸರಿಪಡಿಸಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಮೇಜಿನ ಮೇಲೆ ಬಾಟಲಿ ಇಟ್ಟುಕೊಂಡು ಮಧ್ಯಾಹ್ನವಿಡೀ ಗುಟುಕು ಗುಟುಕಾಗಿ ಕುಡಿಯುವವರ ಹಲ್ಲಿಗೆ ಆ ಬಿಡುವೇ ಸಿಗುವುದಿಲ್ಲ. ಸ್ವಲ್ಪ ಸ್ವಲ್ಪವೇ ಕುಡಿಯುತ್ತೇನಲ್ಲ ಎನ್ನುವ ಮಿತ ಇಲ್ಲಿ ಹಾನಿಯನ್ನೇ ಹೆಚ್ಚಿಸುತ್ತದೆ.

ದಿನಕ್ಕೆ ಒಂದು ಲೀಟರ್ ಕೋಲಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೂರನೇ ದಿನ ಮತ್ತೆ ಬಾಟಲಿ ಹಿಡಿಯುವ ಸಾಧ್ಯತೆ ಹೆಚ್ಚು. ಕಾರಣ ಬಹಳ ಸಲ ಸಕ್ಕರೆಯಲ್ಲ, ಕೆಫೀನ್. 100 ಮಿ.ಲೀ. ಕೋಲಾದಲ್ಲಿ ಸುಮಾರು 10 ಮಿ.ಗ್ರಾಂ ಕೆಫೀನ್ ಇರುತ್ತದೆ. ರೂಢಿಯಾದವರು ನಿಲ್ಲಿಸಿದಾಗ 12ರಿಂದ 24 ಗಂಟೆಯೊಳಗೆ ತಲೆನೋವು, ಮಂಕು, ಸಿಡುಕು ಶುರುವಾಗಿ ಎರಡು ದಿನದಿಂದ ಒಂಬತ್ತು ದಿನದವರೆಗೂ ಇರಬಹುದು. ಅದನ್ನು ಸಕ್ಕರೆಯ ಆಸೆ ಎಂದೇ ತಿಳಿದು ಸೋಲೊಪ್ಪುತ್ತಾರೆ. ಇಂಥವರು ಮೊದಲ ವಾರ ಅಳತೆಯನ್ನು ಅರ್ಧಕ್ಕಿಳಿಸಿ ಅದನ್ನೂ ಊಟದ ಜತೆ ಮಾತ್ರ ಕುಡಿಯಲಿ, ಎರಡನೇ ವಾರ ಕಾಲು ಭಾಗಕ್ಕೆ ತರಲಿ, ಮೂರನೇ ವಾರ ನಿಲ್ಲಿಸಲಿ. ಗುಳ್ಳೆಯ ಚುರುಕು ಬೇಕೆನಿಸಿದರೆ ಸೋಡಾ ನೀರಿಗೆ ನಿಂಬೆ ಹಿಂಡಿಕೊಂಡರೆ ಆದೀತು. ಸಕ್ಕರೆರಹಿತ ಡಯಟ್ ಪಾನೀಯ ಈ ಮೂರು ವಾರ ದಾಟಿಸಲು ಪರವಾಗಿಲ್ಲ, ಆದರೆ ತೂಕ ಹತೋಟಿಗೆಂದು ಕೃತಕ ಸಿಹಿಯನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ಕೊಟ್ಟಿದೆ. ಹಲ್ಲು ಸವೆಸುವ ಆಮ್ಲವೂ ಅದರಲ್ಲಿ ಹಾಗೇ ಇರುತ್ತದೆ. ಹಣ್ಣಿನ ರಸ ಒಳ್ಳೆಯದೆಂದು ಅತ್ತ ಹೊರಳುವವರೂ ಇದ್ದಾರೆ. ನಾರು ಹೋದ ಮೇಲೆ ರಸದ ಸಕ್ಕರೆ ಕೋಲಾದಷ್ಟೇ ಇರಬಹುದು, ಹಣ್ಣನ್ನೇ ತಿನ್ನಿ.

ಚಿಪ್ಸ್ ಪೊಟ್ಟಣದ ಹಿಂಭಾಗ

ಅಳೆದು ತಿನ್ನುವುದು ಹೇಗೆಂದು ತಿಳಿಯಲು ಒಂದು ಪೊಟ್ಟಣವನ್ನು ಕೈಗೆತ್ತಿಕೊಳ್ಳಿ. ಮುಂದೆ ಬರೆದದ್ದನ್ನು ಓದಬೇಡಿ, ತಿರುಗಿಸಿ. ಮೊದಲು ನೋಡಬೇಕಾದ್ದು ನಿವ್ವಳ ತೂಕ, ಆಮೇಲೆ ಒಂದು ಸರ್ವಿಂಗ್ ಎಷ್ಟೆಂದು ಬರೆದಿದ್ದಾರೆ ಎಂಬುದು. ಪೊಟ್ಟಣ 150 ಗ್ರಾಂ, ಸರ್ವಿಂಗ್ 30 ಗ್ರಾಂ ಎಂದಿದ್ದರೆ ಕೈಯಲ್ಲಿರುವುದು ಐದು ಜನರ ಪಾಲು. 30 ಗ್ರಾಂ ಆಲೂಗಡ್ಡೆ ಚಿಪ್ಸ್‌ಗೆ ಸುಮಾರು 160 ಕ್ಯಾಲರಿ, 10 ಗ್ರಾಂ ಕೊಬ್ಬು. ಪೂರ್ತಿ ಮುಗಿಸಿದರೆ 800 ಕ್ಯಾಲರಿ, 50 ಗ್ರಾಂ ಕೊಬ್ಬು. ಸೋಡಿಯಂ ಮಿಲಿಗ್ರಾಂನಲ್ಲಿ ಇರುತ್ತದೆ, ಅದನ್ನು 2.5ರಿಂದ ಗುಣಿಸಿದರೆ ಉಪ್ಪು. 100 ಗ್ರಾಂಗೆ 600 ಮಿ.ಗ್ರಾಂ ಸೋಡಿಯಂ ಎಂದಿದ್ದರೆ ಇಡೀ ಪೊಟ್ಟಣದಲ್ಲಿ 2.25 ಗ್ರಾಂ ಉಪ್ಪು ಇದೆ. ದಿನದ ಮಿತಿ 5 ಗ್ರಾಂ.

ಇನ್ನು ಪದಾರ್ಥಗಳ ಪಟ್ಟಿ. ತೂಕದಲ್ಲಿ ಹೆಚ್ಚಿರುವುದು ಮೊದಲು ಬರುತ್ತದೆ. ಸಕ್ಕರೆ, ಗ್ಲೂಕೋಸ್ ಸಿರಪ್, ಡೆಕ್ಸ್‌ಟ್ರೋಸ್, ಇನ್ವರ್ಟ್ ಸಿರಪ್ ಎಂದು ನಾಲ್ಕು ಹೆಸರಿನಲ್ಲಿ ಹಂಚಿ ಬರೆದರೆ ಯಾವುದೂ ಮೇಲೆ ಬರುವುದಿಲ್ಲ. ಹಾಗಾಗಿ ಪೋಷಕಾಂಶಗಳ ಕೋಷ್ಟಕದಲ್ಲಿನ ಒಟ್ಟು ಸಕ್ಕರೆಯನ್ನೇ ನಂಬಿ. ಭಾಗಶಃ ಹೈಡ್ರೋಜನೀಕರಿಸಿದ ಎಣ್ಣೆ ಎಂದು ಕಂಡರೆ ಅಲ್ಲಿಗೇ ಕೆಳಗಿಡಿ, ಹೃದಯಕ್ಕೆ ಕೆಡುಕಾದ ಟ್ರಾನ್ಸ್ ಕೊಬ್ಬು ಅದರಲ್ಲಿರುತ್ತದೆ. ಟ್ರಾನ್ಸ್ ಕೊಬ್ಬು ಸೊನ್ನೆ ಎಂದಿದ್ದರೂ ಅಷ್ಟೇ. ಗೊತ್ತುಮಾಡಿದ ಪ್ರಮಾಣಕ್ಕಿಂತ ಕಡಿಮೆಯಿದ್ದರೆ ಸೊನ್ನೆ ಎಂದು ಬರೆಯಲು ಹಲವು ದೇಶಗಳ ನಿಯಮದಲ್ಲಿ ಅವಕಾಶವಿದೆ. ಈ ಕೊಬ್ಬಿಗೆ ಮಿತ ಎಂಬುದೇ ಬೇಡ.

ಅಡುಗೆಮನೆಯ ತಕ್ಕಡಿಯಲ್ಲಿ ಒಂದೇ ಒಂದು ಸಲ 30 ಗ್ರಾಂ ತೂಗಿ ಬಟ್ಟಲಿಗೆ ಸುರಿಯಿರಿ. ಅದು ಬಟ್ಟಲಿನ ಎಲ್ಲಿಯವರೆಗೆ ಬರುತ್ತದೆ ಎಂದು ನೋಡಿಟ್ಟುಕೊಂಡರೆ ಮತ್ತೆ ತೂಗಬೇಕಿಲ್ಲ. ಆಮೇಲಿನ ಕ್ರಮ ಮುಖ್ಯ: ಬಟ್ಟಲಿಗೆ ಹಾಕಿಕೊಂಡು, ಪೊಟ್ಟಣದ ಬಾಯಿ ಕಟ್ಟಿ, ಬೇರೆ ಕೋಣೆಯಲ್ಲಿಟ್ಟು ಬಂದ ಮೇಲೆ ಮೊದಲ ಚೂರು ತಿನ್ನಿ. ಪೊಟ್ಟಣಕ್ಕೇ ಕೈ ಹಾಕಿ ತಿಂದರೆ ಎಷ್ಟು ಹೋಯಿತೆಂದು ಕಣ್ಣಿಗೆ ತಿಳಿಯುವುದಿಲ್ಲ. ಮುಂದಿಟ್ಟಷ್ಟೂ ಹೆಚ್ಚು ತಿನ್ನುವುದು ಮನುಷ್ಯ ಸ್ವಭಾವ. ಬಾರ್ಬರಾ ರೋಲ್ಸ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 500 ಗ್ರಾಂ ಬದಲು 1000 ಗ್ರಾಂ ಬಡಿಸಿದಾಗ ಜನ ಶೇ. 30ರಷ್ಟು ಹೆಚ್ಚು ಕ್ಯಾಲರಿ ತಿಂದರು. ಅಗ್ಗವೆಂದು ದೊಡ್ಡ ಪೊಟ್ಟಣ ತರುವವರು ಇದನ್ನು ನೆನಪಿಡಬೇಕು. ಸಣ್ಣ ಪೊಟ್ಟಣಕ್ಕೆ ಗ್ರಾಂ ಲೆಕ್ಕದಲ್ಲಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಉಳಿದ ತಿಂಡಿಗಳಿಗೆ ಇಷ್ಟು ಲೆಕ್ಕ ಬೇಡ. ಐಸ್‌ಕ್ರೀಂ ಆದರೆ ಒಬ್ಬರ ಕಪ್ ಕೊಳ್ಳಿ, ಮನೆಮಂದಿಯ ಡಬ್ಬಿ ಬೇಡ. ಇನ್‌ಸ್ಟಂಟ್ ನೂಡಲ್ಸ್‌ನ ಸೋಡಿಯಂ ಬಹುಪಾಲು ಮಸಾಲೆ ಪುಡಿಯಲ್ಲಿದೆ. ಅರ್ಧ ಪುಡಿ ಮಾತ್ರ ಹಾಕಿ, ಎರಡು ಹಿಡಿ ತರಕಾರಿ ಮತ್ತು ಒಂದು ಮೊಟ್ಟೆ ಸೇರಿಸಿದರೆ ಅದು ಊಟದ ಹತ್ತಿರಕ್ಕೆ ಬರುತ್ತದೆ. ಬರ್ಗರ್ ತಿನ್ನುವ ದಿನ ಬರ್ಗರ್ ತಿನ್ನಿ, ಜತೆಗೆ ಬರುವ ಫ್ರೈಸ್ ಮತ್ತು ಪಾನೀಯದ ಕಾಂಬೊ ಬೇಡ ಎನ್ನಿ. ಹೆಚ್ಚುವರಿ ಕ್ಯಾಲರಿ ಬರುವುದು ಆ ಎರಡರಿಂದಲೇ.

ಯಾವುದನ್ನು ಮನೆಗೆ ತರಬಾರದು

ಇದನ್ನು ಊಹೆಯಿಂದ ನಿರ್ಧರಿಸಬೇಡಿ. ಎರಡು ವಾರ ಏನನ್ನೂ ಬಿಡದೆ, ತಿಂದಾಗಲೆಲ್ಲ ಮೂರು ವಿಷಯ ಬರೆದಿಡಿ: ಏನು ತಿಂದಿರಿ, ಆಗ ಹಸಿವಿತ್ತೇ, ಅಂದುಕೊಂಡಲ್ಲಿಗೆ ನಿಲ್ಲಿಸಿದಿರಾ. ಹದಿನಾಲ್ಕನೇ ದಿನ ಪಟ್ಟಿ ನೋಡಿದರೆ ಒಂದೆರಡು ಹೆಸರಿನ ಮುಂದೆ ಮಾತ್ರ 'ನಿಲ್ಲಿಸಲಿಲ್ಲ' ಎಂದು ಮತ್ತೆ ಮತ್ತೆ ಬಂದಿರುತ್ತದೆ. ಒಬ್ಬರಿಗೆ ಅದು ಕ್ರೀಂ ಬಿಸ್ಕತ್ತು, ಇನ್ನೊಬ್ಬರಿಗೆ ಉಪ್ಪು ಖಾರದ್ದು. ಅಂಥದ್ದರ ಜತೆ ದಿನವೂ ಗುದ್ದಾಡುವುದಕ್ಕಿಂತ ಮನೆಗೇ ತರದಿರುವುದು ಸುಲಭ, ಏಕೆಂದರೆ ಅಂಗಡಿಯಲ್ಲಿ ಒಂದು ಸಲ ಬೇಡ ಎಂದರೆ ಸಾಕು, ಮನೆಯಲ್ಲಾದರೆ ಕಪಾಟಿನ ಮುಂದೆ ಹಾದುಹೋದಾಗಲೆಲ್ಲ ಬೇಡ ಎನ್ನಬೇಕು. ಹೊರಗೆ ಹೋದಾಗ ಒಂದು ಪಾಲು ತಿಂದು ಬನ್ನಿ.

ಪಟ್ಟಿಯಲ್ಲಿ ಸಂಜೆಯ ಹೊತ್ತೇ ಹೆಚ್ಚು ಕಂಡರೆ ತಪ್ಪು ತಿಂಡಿಯದ್ದಾಗಿರಲಿಕ್ಕಿಲ್ಲ, ಮಧ್ಯಾಹ್ನದ ಊಟದ್ದು. ಊಟದಲ್ಲಿ ಕಾಳು, ಮೊಟ್ಟೆ, ಮೊಸರು, ಮೀನು ಇಂಥ ಪ್ರೋಟೀನ್ ಕಡಿಮೆಯಾಗಿದ್ದರೆ ನಾಲ್ಕೈದು ಗಂಟೆಗೆ ಹಸಿವು ಬಂದೇ ಬರುತ್ತದೆ, ಆ ಹಸಿವಿಗೆ ಕೈಗೆಟುಕುವುದು ಪೊಟ್ಟಣ. ರಾತ್ರಿ ನಿದ್ದೆ ಕೆಟ್ಟ ಮರುದಿನವೂ ಹೀಗೇ. ಆದ್ದರಿಂದ ಇಷ್ಟದ ತಿಂಡಿಯನ್ನು ಹಸಿದ ಹೊಟ್ಟೆಗೆ ತಿನ್ನಬೇಡಿ, ಊಟವಾದ ಮೇಲೆ ತಿನ್ನಿ. ರುಚಿ ಅಷ್ಟೇ ಸಿಗುತ್ತದೆ, ಅಳತೆ ತಾನಾಗಿ ತಗ್ಗುತ್ತದೆ.

ಆರು ದಿನ ಕಟ್ಟುನಿಟ್ಟು, ಏಳನೆಯ ದಿನ ಬೇಕಾದಷ್ಟು ಎಂಬ ಪದ್ಧತಿಯನ್ನು ನಾನು ಯಾರಿಗೂ ಹೇಳುವುದಿಲ್ಲ. ಹರ್ಮನ್ ಮತ್ತು ಮ್ಯಾಕ್ 1975ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆಹಾರದ ಮೇಲೆ ಸದಾ ಬಿಗಿ ಹಿಡಿತ ಇಟ್ಟುಕೊಳ್ಳುವವರು ಮೊದಲು ಮಿಲ್ಕ್‌ಶೇಕ್ ಕುಡಿದಾಗ, ಆಮೇಲೆ ಕೊಟ್ಟ ಐಸ್‌ಕ್ರೀಂ ಅನ್ನು ಕಡಿಮೆ ತಿನ್ನುವ ಬದಲು ಹೆಚ್ಚು ತಿಂದರು. ಹೇಗೂ ನೇಮ ಕೆಟ್ಟಿತಲ್ಲ, ಇನ್ನೇನು ಎಂಬ ಭಾವ ಅದು. ವಾರದಲ್ಲಿ ಎರಡು ಸಲ, ಸಲಕ್ಕೆ ಒಂದು ಪಾಲು, ಊಟದ ನಂತರ, ಕೂತು, ಫೋನ್ ಪಕ್ಕಕ್ಕಿಟ್ಟು. ಹೀಗೆ ಗೊತ್ತುಮಾಡಿಕೊಂಡರೆ ಮುರಿಯುವ ಸಂದರ್ಭವೇ ಕಡಿಮೆ. ಮೂರನೇ ಸಲ ತಿಂದರೂ ಮುಂದಿನ ಊಟ ಬಿಡಬೇಡಿ. ಉಪವಾಸ ಮಾಡಿ ಸರಿದೂಗಿಸಲು ಹೋದರೆ ಸಂಜೆಯ ಹಸಿವು ಮತ್ತೆ ಪೊಟ್ಟಣದ ಹತ್ತಿರಕ್ಕೇ ಕರೆದೊಯ್ಯುತ್ತದೆ.

ಮಕ್ಕಳಿರುವ ಮನೆಯಲ್ಲಿ ಇನ್ನೊಂದು ಎಚ್ಚರ. ಕಣ್ಣೆದುರಿಗೇ ಇಟ್ಟು ಮುಟ್ಟಬೇಡ ಎಂದ ತಿಂಡಿಯ ಮೇಲೆ ಮಕ್ಕಳ ಆಸೆ ಇಮ್ಮಡಿಸುತ್ತದೆ ಎಂಬುದು ಫಿಶರ್ ಮತ್ತು ಬರ್ಚ್ 1999ರಲ್ಲಿ ಪ್ರಕಟಿಸಿದ ಪ್ರಯೋಗದ ತಾತ್ಪರ್ಯ. ಡಬ್ಬಿ ತುಂಬಿಟ್ಟು ಗದರಿಸುವುದಕ್ಕಿಂತ ಡಬ್ಬಿಯೇ ಇಲ್ಲದಿರುವುದು ಮೇಲು. ತರಕಾರಿ ತಿಂದರೆ ಚಾಕೊಲೇಟ್ ಎಂಬ ಬಹುಮಾನವೂ ಬೇಡ, ಅದರಿಂದ ಚಾಕೊಲೇಟಿನ ಬೆಲೆ ಏರುತ್ತದೆ, ತರಕಾರಿಯದ್ದು ಇಳಿಯುತ್ತದೆ.

ಉಪ್ಪು ತಗ್ಗಿಸಿದ ಮೊದಲ ವಾರಗಳಲ್ಲಿ ಎಲ್ಲವೂ ಸಪ್ಪೆ ಎನಿಸುವುದು ಸಹಜ. ನಾಲಿಗೆ ಹೊಂದಿಕೊಳ್ಳಲು ಎರಡು ಮೂರು ತಿಂಗಳು ಬೇಕಾಗಬಹುದು. ಆಮೇಲೆ ಹಳೆಯ ಚಿಪ್ಸೇ ಅತಿ ಉಪ್ಪು ಎನಿಸುತ್ತದೆ. ಎರಡನೇ ವಾರದಲ್ಲೇ ಕೈಬಿಡುವವರು ಆ ಹಂತದವರೆಗೆ ತಲುಪುವುದೇ ಇಲ್ಲ.

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರು ಮೇಲಿನ ಅಳತೆಗಳನ್ನು ಹಾಗೆಯೇ ತೆಗೆದುಕೊಳ್ಳದೆ ತಮ್ಮ ವೈದ್ಯರು ಹೇಳಿದ ಮಿತಿಗೆ ಇಳಿಸಿಕೊಳ್ಳಬೇಕು. ಇನ್ನು, ಹಸಿವಿಲ್ಲದಿದ್ದರೂ ಹೊಟ್ಟೆ ನೋಯುವಷ್ಟು ತಿನ್ನುವುದು, ಬಚ್ಚಿಟ್ಟು ತಿನ್ನುವುದು, ತಿಂದ ಮೇಲೆ ಅಸಹ್ಯಪಟ್ಟುಕೊಳ್ಳುವುದು ವಾರಕ್ಕೊಮ್ಮೆಯಾದರೂ ತಿಂಗಳುಗಟ್ಟಲೆ ನಡೆಯುತ್ತಿದ್ದರೆ ತಕ್ಕಡಿ, ಬಟ್ಟಲು, ಪಟ್ಟಿ ಯಾವುದನ್ನೂ ಶುರು ಮಾಡಬೇಡಿ. ಅದು ಚಿಕಿತ್ಸೆಯಿರುವ ಕಾಯಿಲೆ, ಅಳೆಯುವ ನಿಯಮಗಳು ಅದನ್ನು ಉಲ್ಬಣಗೊಳಿಸಬಹುದು. ಮೊದಲು ಮನೋವೈದ್ಯರನ್ನೋ ಆಪ್ತ ಸಮಾಲೋಚಕರನ್ನೋ ಕಾಣಿ. ತಿಂಡಿಯ ಲೆಕ್ಕ ಆಮೇಲೆ ಅವರ ಜತೆ ಕೂತು ಮಾಡಬಹುದು.