ಹೊಸ ಹುಡುಗರನ್ನು ಮೊದಲು ರಾಯಚೂರು ಕೋಟೆಗೆ ಕರೆದೊಯ್ಯುವುದು ಯಾಕೆ

ನಾನು ರಾಯಚೂರು ಕಡೆ ಸಣ್ಣ ಸೇತುವೆ, ಕಲ್ವರ್ಟು, ಕಾಲುವೆ ಕೆಲಸ ಮಾಡಿಸುವ ಸೈಟ್ ಎಂಜಿನಿಯರ್. ಡಿಪ್ಲೊಮಾ ಮುಗಿಸಿ ಬರುವ ಹುಡುಗರಿಗೆ ಡ್ರಾಯಿಂಗ್ ಓದಲು ಬರುತ್ತದೆ. ಕಬ್ಬಿಣದ ಲೆಕ್ಕವೂ ಬರುತ್ತದೆ. ಆದರೆ ಸಾಮಾನು ಸೈಟಿಗೆ ಹೇಗೆ ಬರುತ್ತೆ ಅಂತ ಕೇಳಿದರೆ "ಲಾರಿಯಾಗ ಸರ್" ಅಂತಾರೆ, ಅಷ್ಟೇ. ಯಾವ ಲಾರಿ, ಯಾವ ದಾರಿ, ಎಲ್ಲಿ ತಿರುಗುತ್ತದೆ, ಒಂದು ಮಳೆ ಬಿದ್ದ ಮೇಲೆ ನಮ್ಮ ಎರೆಮಣ್ಣಿನಲ್ಲಿ ಅದರ ಗಾಲಿ ಏನಾಗುತ್ತದೆ, ಇದೊಂದೂ ತಲೆಗೆ ಬಂದಿರುವುದಿಲ್ಲ. ಅದಕ್ಕೇ ಮೊದಲು ಕೋಟೆ ತೋರಿಸುತ್ತೇನೆ.

ಒಳಕೋಟೆಯ ಪಶ್ಚಿಮದ ಗೋಡೆಯಲ್ಲಿ ಒಂದು ಕಲ್ಲಿದೆ. ಉದ್ದ 41 ಅಡಿಗಿಂತ ಜಾಸ್ತಿ, ಅಗಲ ಮೂರಡಿಯ ಮೇಲೆ. ಅದರ ಮೇಲಿನ ಶಾಸನ 1294ರದು. ಕಾಕತೀಯರ ಕಾಲದ್ದು, ಕೋಟೆ ಕಟ್ಟಿಸಿದ ಗೋರೆ ಗಂಗಯ್ಯ ರೆಡ್ಡಿಯ ಹೆಸರು ಅದರಲ್ಲಿದೆ. ಎಲ್ಲರೂ ಇಲ್ಲಿಗೇ ಫೋಟೊ ಹೊಡೆದುಕೊಂಡು ವಾಪಸಾಗುತ್ತಾರೆ. ನನಗೆ ಬೇಕಾದದ್ದು ಅದೇ ಗೋಡೆಯ ಮೇಲೆ ಕೊರೆದಿರುವ ಚಿತ್ರ. ಇಷ್ಟುದ್ದದ ಕಲ್ಲನ್ನು ಬಂಡಿಯ ಮೇಲೆ ಹೇರಿದ್ದಾರೆ. ಮುಂದೆ ಸಾಲಾಗಿ ಕೋಣಗಳು. ಅವನ್ನು ಹುರಿದುಂಬಿಸುವ ಜನ ಪಕ್ಕದಲ್ಲಿ, ಗಾಲಿಗೆ ಸನ್ನೆಕೋಲು ಕೊಟ್ಟು ಎಬ್ಬುವವರು ಹಿಂದೆ. ರಾಜನ ಮೆರವಣಿಗೆ ಕೊರೆಯಬಹುದಿತ್ತು, ಆದರೆ ಸಾಗಾಟವನ್ನು ಕೊರೆಸಿದ್ದಾರೆ ನೋಡಿ. ಕೆಲಸದ ಕಷ್ಟ ಎಲ್ಲಿತ್ತು ಅಂತ ಆ ಮೇಸ್ತ್ರಿಗಳಿಗೆ ಚೆನ್ನಾಗಿ ಗೊತ್ತಿತ್ತು.

ಹುಡುಗರ ಪ್ರಶ್ನೆ ಮಾತ್ರ ಯಾವಾಗಲೂ ಒಂದೇ. "ಸರ್, ಕ್ರೇನ್ ಇಲ್ದ ಇದನ್ನ ಹೆಂಗ ಎತ್ತ್ಯಾರ್ರಿ?"

"ಎತ್ತೋದು ಆಮ್ಯಾಲೆ ತಮ್ಮಾ. ಇಲ್ಲಿತನಕ ಹೆಂಗ ತಂದ್ರು, ಅದನ್ನ ಮೊದಲು ಹೇಳು."

ಅಲ್ಲೇ ನಿಲ್ಲಿಸಿ ಲೆಕ್ಕ ಮಾಡಿಸುತ್ತೇನೆ. ಕಲ್ಲಿನ ದಪ್ಪ ಗೋಡೆಯೊಳಗೆ ಹೋಗಿದೆ, ಕಾಣುವುದಿಲ್ಲ. ಸುಮ್ನೆ ಒಂದಡಿ ಅಂತ ಹಿಡಿಯಿರಿ. ಗ್ರಾನೈಟ್ ಒಂದು ಘನ ಮೀಟರಿಗೆ 2.6ರಿಂದ 2.7 ಟನ್ ತೂಗುತ್ತದೆ. ಒಂದಡಿ ದಪ್ಪಕ್ಕೇ 9 ಟನ್ ದಾಟುತ್ತದೆ. ಈಗ ಕಚ್ಚಾ ದಾರಿಯಲ್ಲಿ, ಕಟ್ಟಿಗೆಯ ಗಾಲಿಯ ಮೇಲೆ ಇದು ಬರಬೇಕು. ತಿರುವು ಎಷ್ಟು ಅಗಲ ಇರಬೇಕು? ಇಳಿಜಾರಿನಲ್ಲಿ ತಡೆಯುವುದು ಹೇಗೆ? ಆಗ ನೋಡಿ, ಮೊಬೈಲು ಜೇಬಿಗೆ ಹೋಗುತ್ತದೆ.

ಇದೇನು ಬರೀ ಪಾಠದ ಮಾತಲ್ಲ. ಕಾಲುವೆ ಪಕ್ಕದ ಒಂದು ಕೆಲಸದಲ್ಲಿ ಕ್ರೇನ್ ಬೆಳಿಗ್ಗೆಯೇ ಬಂದು ನಿಂತಿತ್ತು, ಹ್ಯೂಮ್ ಪೈಪ್ (ನೀರು ಹಾಯಿಸುವ ದೊಡ್ಡ ಕಾಂಕ್ರೀಟ್ ಕೊಳವೆ) ಹೇರಿದ್ದ ಟ್ರೇಲರ್ ಮಾತ್ರ ಹೊಲದ ದಾರಿಯ ತಿರುವಿನಲ್ಲಿ ಅಚ್ಚಿನ ತನಕ ಹೂತು ಕೂತಿತ್ತು. ಕ್ರೇನಿನ ಬಾಡಿಗೆ ಗಂಟೆ ಲೆಕ್ಕದ್ದು. ಪೈಪ್ ಕಳಿಸಿದ ಗುತ್ತಿಗೆದಾರರು ಹಿಂದಿನ ದಿನ ಬೈಕಿನಲ್ಲಿ ಬಂದು ದಾರಿ ನೋಡಿದ್ದರೆ ಸಾಕಿತ್ತು. ಈಗ ನನ್ನ ಕೈಕೆಳಗಿನ ಹುಡುಗರು ಎತ್ತುವ ಪ್ಲಾನ್ ಕೊಡುವ ಮೊದಲು ದಾರಿಯ ಸ್ಕೆಚ್ ಕೊಡಬೇಕು. ತಿರುವು, ತಗ್ಗು, ಮೇಲಿನ ಕರೆಂಟ್ ವೈರು, ಎಲ್ಲ ಅದರಲ್ಲಿರಬೇಕು.

ಇನ್ನೊಂದು ನೋಡಬೇಕಾದ್ದು ಕಲ್ಲುಗಳ ಸಂದು. ಒಳಕೋಟೆಯ ಗೋಡೆಗೆ ಗಾರೆಯೇ ಇಲ್ಲ. ದೊಡ್ಡ ಕಲ್ಲುಗಳನ್ನು ಕಡೆದು, ಒಂದರ ಮೇಲೊಂದು ಕೂರಿಸಿದ್ದಾರೆ. ಭಾರವೇ ಹಿಡಿದಿದೆ. 1520ರಲ್ಲಿ ಕೃಷ್ಣದೇವರಾಯ ಆದಿಲ್‌ಶಾಹಿಗಳಿಂದ ರಾಯಚೂರು ಗೆದ್ದ ಯುದ್ಧದ ಬಗ್ಗೆ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಬರೆದಿದ್ದಾನೆ. ಸುಣ್ಣ ಹಾಕದೆ ಕಟ್ಟಿದ ಗೋಡೆ, ಒಳಗೆ ಮಣ್ಣು ತುಂಬಿದ್ದಾರೆ ಅನ್ನುತ್ತಾನೆ. ಕೋಟೆ ಒಡೆಯಲು ಹಾರೆ ಹಿಡಿದು ಕಲ್ಲು ಕಿತ್ತ ರಾಯನ ಕಡೆಯವರಿಗೆ ಕಲ್ಲಿನ ಗಾತ್ರ ನೋಡಿ ಹಣ ಕೊಟ್ಟರಂತೆ. ಪೀಸ್ ರೇಟು ಆಗಲೂ ಇತ್ತು, ಅಲ್ವಾ! ಮಣ್ಣು ತುಂಬಿದ ಗೋಡೆಗೆ ಶತ್ರು ಅಂದರೆ ಹಾರೆಗಿಂತ ನೀರು ಅಂತ ಹುಡುಗರಿಗೆ ಹೇಳುತ್ತೇನೆ. ನೀರು ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಮಣ್ಣು ಉಬ್ಬಿ ಕಲ್ಲನ್ನು ಹೊರಗೆ ನೂಕುತ್ತದೆ. ಮಣ್ಣು ತಡೆಯುವ ನಮ್ಮ ರಿಟೇನಿಂಗ್ ವಾಲಿಗೆ ವೀಪ್ ಹೋಲ್, ಅಂದರೆ ನೀರು ಹೊರಗೆ ಹೋಗುವ ಸಣ್ಣ ತೂತು, ಇಡುವುದೂ ಇದಕ್ಕೇ. ಅದನ್ನು ಕಾಂಕ್ರೀಟ್ ಹಾಕುವಾಗ ಮುಚ್ಚಿಬಿಡುವ ಮೇಸ್ತ್ರಿಗಳು ಇದ್ದಾರೆ, ಹಾಗಾಗಿ ಶಟರಿಂಗ್ (ಕಾಂಕ್ರೀಟ್ ಹಿಡಿದಿಡುವ ಹಲಗೆ) ಬಿಚ್ಚಿದ ದಿನವೇ ಕಡ್ಡಿ ಹಾಕಿ ನೋಡಿಸುತ್ತೇನೆ.

ಹೊರಕೋಟೆ ಆಮೇಲಿನದು, ಆದಿಲ್‌ಶಾಹಿಗಳ ಕಾಲದ್ದು. ಅದನ್ನು ಇನ್ನೊಂದು ದಿನಕ್ಕೆ ಬಿಡುತ್ತೇನೆ, ಒಂದೇ ಸಲ ಎಲ್ಲ ತೋರಿಸಿದರೆ ಯಾವುದೂ ಉಳಿಯಲ್ಲ.

ಹೋಗುವವರಿದ್ದರೆ ಬೆಳಿಗ್ಗೆ ಬೇಗ ಹೋಗಿ. ನಮ್ಮ ಬೇಸಿಗೆಯಲ್ಲಿ ಹತ್ತು ಗಂಟೆ ಆದ ಮೇಲೆ ಆ ಕಲ್ಲಿನ ಹತ್ತಿರ ನಿಲ್ಲಲು ಆಗಲ್ಲ. ಅಕ್ಷರ ಕಾಣಿಸಲಿ ಅಂತ ಸೀಮೆಸುಣ್ಣ ಹಚ್ಚಬೇಡಿ, ನೀರೂ ಚೆಲ್ಲಬೇಡಿ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ, ಗೆರೆಗಳು ನೆರಳಿನಲ್ಲಿ ಎದ್ದು ಕಾಣುತ್ತವೆ.